ಸ್ಥಳಪುರಾಣ ಸಾಕು, ಕತೆ ಹೇಳ್ರಪ್ಪಾ

ಕಳೆದ ಬೇಸಿಗೆ ರಜೆಗೆ ಅಕ್ಕನ ಮಗ ನಮ್ಮನೆಗೆ ಬಂದಿದ್ದ. ಒಂಬತ್ತನೇ ಕ್ಲಾಸು ಮುಗಿಸಿದ ಹುಡುಗ. ಊಟಕ್ಕೆ ಕೂತಾಗ ಮಾತಿಗೊಂದು ನೆಪ ಬೇಕಲ್ಲ ಅಂತ, "ಏನೋ, ಸ್ಟಾರ್ ವಾರ್ಸ್ ಪೂರ್ತಿ ನೋಡಿದೀಯಂತೆ?" ಅಂದೆ. ಅಷ್ಟೇ ನೋಡಿ. ಸಾರನ್ನ ಮುಗಿದು ಮಜ್ಜಿಗೆ ಅನ್ನಕ್ಕೆ ಬರುವಷ್ಟರಲ್ಲಿ ನನ್ನ ತಲೆ ಗಿರ್ ಅಂತಿತ್ತು. ಸಿತ್‌ಗಳು ಒಂದು ಕಾಲಕ್ಕೆ ಇಬ್ಬರೇ ಇರಬೇಕು ಅನ್ನೋ ನಿಯಮ ಯಾರು ಮಾಡಿದ್ದು, ಯಾವ ಬಣ್ಣದ ಬೆಳಕಿನ ಕತ್ತಿ ಯಾರ ಕೈಗೆ ಯಾಕೆ ಬರುತ್ತೆ, ಯಾವ ಗ್ರಹದಲ್ಲಿ ಯಾವ ಕುಲದವರಿದ್ದಾರೆ, ಎಲ್ಲಾ ಬಾಯಿಪಾಠ. ಹತ್ತನೇ ಕ್ಲಾಸಿನ ಸಮಾಜ ವಿಜ್ಞಾನ ಇಷ್ಟು ಚೆನ್ನಾಗಿ ಒಪ್ಪಿಸಿದರೆ ನೂರಕ್ಕೆ ನೂರು ಗ್ಯಾರಂಟಿ.

ನಾನು ಒಂದೇ ಒಂದು ಪ್ರಶ್ನೆ ಕೇಳಿದೆ. "ಸರಿ ಕಣೋ, ಡಾರ್ತ್ ವೇಡರ್ ಅಷ್ಟು ಕೆಟ್ಟವನು. ಕೊನೇಲಿ ಮಗನನ್ನ ಯಾಕೆ ಉಳಿಸ್ತಾನೆ?"

ಹುಡುಗ ಒಂದು ಕ್ಷಣವೂ ಯೋಚಿಸಲಿಲ್ಲ. "ಭವಿಷ್ಯವಾಣಿ ಇತ್ತಲ್ಲ ಮಾವ, ಫೋರ್ಸ್‌ಗೆ ಸಮತೋಲನ ತರೋನು ಅವನೇ ಅಂತ!"

ನನಗೆ ತುತ್ತು ಗಂಟಲಲ್ಲೇ ನಿಂತಿತು. ಯಾಕಂದ್ರೆ ಆ ದೃಶ್ಯ ಬರೋದು 1983ರ 'ರಿಟರ್ನ್ ಆಫ್ ದ ಜೆಡಾಯ್' ಚಿತ್ರದಲ್ಲಿ. ಭವಿಷ್ಯವಾಣಿ ಅನ್ನೋ ಮಾತು ಆ ಸರಣಿಗೆ ಬಂದಿದ್ದೇ 1999ರ 'ದ ಫ್ಯಾಂಟಮ್ ಮೆನೇಸ್'ನಲ್ಲಿ. ಹದಿನಾರು ವರ್ಷ ಜನ ಆ ದೃಶ್ಯ ನೋಡಿ ಕಣ್ಣೊರೆಸಿಕೊಂಡರಲ್ಲ, ಅವರಿಗೆ ಯಾವ ಭವಿಷ್ಯವಾಣಿಯೂ ಗೊತ್ತಿರಲಿಲ್ಲ. ಕಣ್ಣೆದುರು ಮಗ ಮಿಂಚಿಗೆ ಸಿಕ್ಕಿ ಒದ್ದಾಡ್ತಾ "ಅಪ್ಪಾ" ಅಂತ ಕೂಗ್ತಿದಾನೆ. ಅಪ್ಪ ಒಮ್ಮೆ ಮಗನನ್ನ ನೋಡ್ತಾನೆ, ಒಮ್ಮೆ ಒಡೆಯನನ್ನ ನೋಡ್ತಾನೆ. ಮುಖವಾಡದೊಳಗೆ ಏನಾಗ್ತಿದೆಯೋ ನಮಗೆ ಕಾಣಲ್ಲ, ಆದ್ರೆ ಗೊತ್ತಾಗುತ್ತೆ. ಇಷ್ಟೇ ಕತೆ. ಇಷ್ಟು ದೊಡ್ಡ ಕತೆ! ಅದನ್ನ ನಮ್ಮ ಹುಡುಗ ಜಾತಕ ಹೊಂದಾಣಿಕೆಯ ಮಟ್ಟಕ್ಕೆ ಇಳಿಸಿಬಿಟ್ಟ. ತಪ್ಪು ಅವನದ್ದಲ್ಲ. ಅವನಿಗೆ ಹಾಗೆ ನೋಡೋದನ್ನ ಕಲಿಸಿದ್ದಾರೆ.

ಇಂಗ್ಲಿಷಿನಲ್ಲಿ ಇದಕ್ಕೆ ಲೋರ್ ಅಂತಾರೆ. ನಾನು ಸ್ಥಳಪುರಾಣ ಅಂತ ಕರೀತೀನಿ. ನಮ್ಮ ಯಾವ ದೇವಸ್ಥಾನಕ್ಕೆ ಹೋದರೂ ಒಂದು ಸ್ಥಳಪುರಾಣ ಇರುತ್ತಲ್ಲ: ಇಲ್ಲಿ ಇಂಥ ಋಷಿ ತಪಸ್ಸು ಮಾಡಿದ, ಈ ಕಲ್ಲಿನ ಮೇಲೆ ಭೀಮ ಕಾಲಿಟ್ಟ, ಈ ಕೊಳ ರಾಮನ ಬಾಣದಿಂದ ಆಯ್ತು. ಕೇಳೋಕೆ ಚೆಂದ. ಆದ್ರೆ ಅದನ್ನ ಕೇಳೋಕೆ ಅಂತಲೇ ಯಾರೂ ದೇವಸ್ಥಾನಕ್ಕೆ ಹೋಗಲ್ಲ. ಮನಸ್ಸಲ್ಲಿ ಏನೋ ಇಟ್ಟುಕೊಂಡು ಹೋಗಿರ್ತಾರೆ. ಮಗಳ ಮದುವೆ, ಗಂಡನ ಆಪರೇಷನ್ನು. ಗರ್ಭಗುಡಿಯ ಮುಂದೆ ಕಣ್ಣು ಮುಚ್ಚಿ ನಿಂತ ಆ ಅರ್ಧ ನಿಮಿಷ ಇದೆಯಲ್ಲ, ಕತೆ ಅಂದ್ರೆ ಅದು. ಈಗ ನಮ್ಮ ಸಿನಿಮಾ, ಸೀರೀಸು, ಫ್ಯಾಂಟಸಿ ಕಾದಂಬರಿಗಳಲ್ಲಿ ಏನಾಗ್ತಿದೆ ಅಂದ್ರೆ, ಹೊರಗಿನ ಬೋರ್ಡು ಬೆಳೆದೂ ಬೆಳೆದೂ ಗರ್ಭಗುಡಿ ಬಾಗಿಲನ್ನೇ ಮುಚ್ಚಿಬಿಟ್ಟಿದೆ.

ಮೊದಲು ಅಭಿಮಾನಿಗಳ ವಿಷಯ ಮಾತಾಡೋಣ. ನಾನೂ ಅದೇ ಜಾತಿಯವನು, ಹಾಗಾಗಿ ಬೈಯೋ ಹಕ್ಕಿದೆ.

ಸ್ಥಳಪುರಾಣ ಯಾಕೆ ಅಷ್ಟು ಹಿಡಿಸುತ್ತೆ? ಅದನ್ನ ಎಣಿಸಬಹುದು, ಅದಕ್ಕೆ. ಕತೆ ಎಣಿಕೆಗೆ ಸಿಗಲ್ಲ. ಒಂದು ಪಾತ್ರದ ಸಂಕಟ ನನಗೆ ನಿನಗಿಂತ ಹೆಚ್ಚು ಅರ್ಥ ಆಗಿದೆ ಅಂತ ಯಾವ ಪರೀಕ್ಷೆಯಲ್ಲೂ ತೋರಿಸಕ್ಕಾಗಲ್ಲ. ಆದ್ರೆ ಏಳು ರಾಜರ ಹೆಸರು ನನಗೆ ಗೊತ್ತು, ನಿನಗೆ ಐದೇ ಗೊತ್ತು ಅಂದ್ರೆ ಅಲ್ಲಿಗೆ ತೀರ್ಮಾನ ಆಯ್ತು. ನಾನು ದೊಡ್ಡ ಅಭಿಮಾನಿ, ನೀನು ಚಿಕ್ಕವನು. ಕ್ರಿಕೆಟ್ ಸರಾಸರಿ ಬಾಯಿಪಾಠ ಮಾಡ್ತಿದ್ವಲ್ಲ ನಾವು ಸ್ಕೂಲಲ್ಲಿ, ಅದೇ ಖುಷಿ. ತಪ್ಪೇನಿಲ್ಲ. ಆದ್ರೆ ಗುಂಡಪ್ಪ ವಿಶ್ವನಾಥ್ ಅವರ ಸ್ಕ್ವೇರ್ ಕಟ್ ನೋಡದೇ ಬರೀ ಸರಾಸರಿ ಹೇಳೋನನ್ನ ಕ್ರಿಕೆಟ್ ರಸಿಕ ಅಂತೀವಾ?

ಎರಡನೇ ಕಾರಣ ಸ್ವಲ್ಪ ಸೂಕ್ಷ್ಮ. ಕತೆ ನೋಯಿಸುತ್ತೆ, ಸ್ಥಳಪುರಾಣ ನೋಯಿಸಲ್ಲ. ನಿಮಗೆ ಇಷ್ಟವಾದ ಪಾತ್ರ ಕತೆಯಲ್ಲಿ ಸಾಯಬಹುದು, ಸಣ್ಣತನ ತೋರಿಸಬಹುದು, ನಿಮ್ಮದೇ ಯಾವುದೋ ಹಳೇ ತಪ್ಪನ್ನ ನೆನಪಿಸಬಹುದು. ವಂಶಾವಳಿಯಲ್ಲಿ ಆ ಭಯ ಇಲ್ಲ. ಅಲ್ಲಿ ಸಾವು ಅಂದ್ರೆ ಬರೀ ಒಂದು ಇಸವಿ. ಇಷ್ಟದ ಲೋಕದಿಂದ ಹೊರಗೆ ಬರಲೂಬಾರದು, ಅಲ್ಲಿ ಏಟೂ ಬೀಳಬಾರದು ಅನ್ನೋರಿಗೆ ಇದಕ್ಕಿಂತ ಒಳ್ಳೇ ಜಾಗ ಇಲ್ಲ. ಪ್ರತಿ ಕತೆಗೂ ಮುಕ್ತಾಯ ಇರುತ್ತೆ, ಸ್ಥಳಪುರಾಣಕ್ಕೆ ಮಾತ್ರ ಇಲ್ಲ. ಮುಗಿದ ಕತೆಯ ಎದುರು ಸುಮ್ಮನೆ ಕೂರೋಕೆ ನಮಗೆ ಬರ್ತಿಲ್ಲ. ದೀಪ ಹತ್ತಿ ಜನ ಏಳ್ತಿದ್ದರೂ ಕುರ್ಚಿ ಬಿಡದೆ, ಕೊನೇ ಹೆಸರು ಹೋದ ಮೇಲೆ ಇನ್ನೊಂದು ತುಣುಕು ಬರುತ್ತೇನೋ ಅಂತ ಕಾಯ್ತೀವಿ.

'ಕೆಜಿಎಫ್' ವಿಷಯವನ್ನೇ ತಗೊಳ್ಳಿ. ಸಿನಿಮಾವನ್ನ ಬೈಯೋಕೆ ಹೇಳ್ತಿಲ್ಲ. 2018ರ ಮೊದಲ ಅಧ್ಯಾಯವನ್ನ ನಾನು ಥಿಯೇಟರಲ್ಲಿ ಶಿಳ್ಳೆ ಹೊಡೆದೇ ನೋಡಿದವನು. ಅದರ ಬೆನ್ನೆಲುಬು ಯಾವುದು? ಸಾಯ್ತಿರೋ ಬಡ ತಾಯಿ, ಸಣ್ಣ ಮಗ, ಒಂದು ಮಾತು. 2022ರ ಎರಡನೇ ಅಧ್ಯಾಯದ ಕೊನೆಗೆ ಆ ಮಾತಿನ ಲೆಕ್ಕ ಚುಕ್ತಾ ಆಗುತ್ತೆ, ಚಿನ್ನದ ಸಮೇತ ಅವನು ಸಮುದ್ರಕ್ಕೆ ಹೋಗ್ತಾನೆ. ತಾಯಿಗೆ ಕೊಟ್ಟ ಮಾತು ಮಗನನ್ನ ಏನು ಮಾಡಿಹಾಕಿತು ಅಂತ ಯೋಚಿಸ್ತಾ ಮನೆಗೆ ಹೋಗಬೇಕಾದ ಕತೆ ಅದು. ನಾವೇನು ಮಾತಾಡಿದ್ವಿ? ಹೊರಗೆ ಬಂದು ಬೈಕ್ ಸ್ಟಾರ್ಟ್ ಮಾಡೋಕೂ ಮೊದಲೇ ಶುರು: ಮೂರನೇ ಅಧ್ಯಾಯದ ಸುಳಿವೇನು, ಅವನು ನಿಜವಾಗ್ಲೂ ಸತ್ತನಾ, ಆ ವರ್ಷಗಳಲ್ಲಿ ವಿದೇಶದಲ್ಲಿ ಏನು ಮಾಡ್ತಿದ್ದ? ತಾಯಿಯನ್ನ ಪಾರ್ಕಿಂಗ್ ಜಾಗ ಮುಟ್ಟೋದರೊಳಗೆ ಮರೆತಿದ್ವಿ.

ಇದಕ್ಕೆ ಎದುರಾಗಿ 'ಬಾಹುಬಲಿ' ನೆನಪಿಸಿಕೊಳ್ಳಿ. 2015ರ ಜುಲೈನಿಂದ 2017ರ ಏಪ್ರಿಲ್‌ವರೆಗೆ ಇಡೀ ದೇಶ ಒಂದೇ ಪ್ರಶ್ನೆ ಕೇಳ್ತು: ಕಟ್ಟಪ್ಪ ಬಾಹುಬಲಿಯನ್ನ ಯಾಕೆ ಕೊಂದ? ಅದನ್ನ ನಾವು ತಮಾಷೆ ಮಾಡಿದ್ವಿ, ಆದ್ರೆ ಅದು ಅಪ್ಪಟ ಕತೆಯ ಪ್ರಶ್ನೆ. ಎತ್ತಿ ಆಡಿಸಿದ ಹುಡುಗನ ಬೆನ್ನಿಗೆ ಕತ್ತಿ ಹಾಕೋಕೆ ಒಬ್ಬ ನಿಷ್ಠ ಮುದುಕನಿಗೆ ಹೇಗೆ ಮನಸ್ಸು ಬಂತು? ಮಾಹಿಷ್ಮತಿಯ ಸಿಂಹಾಸನಕ್ಕೆ ಅವನ ಕುಲ ಜೀತಕ್ಕೆ ಬಿದ್ದಿದೆ ಅನ್ನೋದು ಸ್ಥಳಪುರಾಣ, ಒಪ್ಪುತ್ತೀನಿ. ಆದ್ರೆ ಅದು ಬೋರ್ಡಿನ ಮೇಲೆ ಬರೆದಿಟ್ಟ ಮಾಹಿತಿಯಾಗಿ ಉಳಿಯಲಿಲ್ಲ. ರಾಜಮಾತೆಯ ಆಜ್ಞೆ ಬಂದ ದಿನ ಅದೇ ಅವನ ಕುತ್ತಿಗೆಗೆ ಉರುಳಾಯ್ತು. ವ್ಯತ್ಯಾಸ ಇರೋದೇ ಇಲ್ಲಿ. ಹಿನ್ನೆಲೆ ಅನ್ನೋದು ಪಾತ್ರವನ್ನ ಮೂಲೆಗೆ ತಳ್ಳಬೇಕು. ಗೋಡೆಗೆ ನೇತು ಹಾಕಿದ ಕ್ಯಾಲೆಂಡರ್ ಆಗಬಾರದು.

ಇನ್ನು ಸೃಷ್ಟಿಕರ್ತರ ವಿಷಯ. ಅಭಿಮಾನಿಗಳಾದ್ರೂ ಪಾಪ, ಪ್ರೀತಿಯಿಂದ ಮಾಡ್ತಾರೆ. ಇವರು ಲೆಕ್ಕ ಹಾಕಿ ಮಾಡ್ತಾರೆ.

1977ರ ಮೊದಲ ಸ್ಟಾರ್ ವಾರ್ಸ್‌ನಲ್ಲಿ ಫೋರ್ಸ್ ಅಂದ್ರೇನು ಅಂತ ಒಬ್ಬ ಮುದುಕ ಎರಡು ಮಾತಲ್ಲಿ ಹೇಳ್ತಾನೆ, ನಾವು ನಂಬಿದ್ವಿ. 1999ಕ್ಕೆ ಬರೋ ಹೊತ್ತಿಗೆ ಅದಕ್ಕೆ ರಕ್ತಪರೀಕ್ಷೆ ಬಂತು. ಹುಡುಗನ ರಕ್ತದಲ್ಲಿ ಮಿಡಿಕ್ಲೋರಿಯನ್ ಅನ್ನೋ ಸೂಕ್ಷ್ಮಜೀವಿಗಳು ಎಷ್ಟಿವೆ ಅಂತ ಎಣಿಸಿ, ಓಹೋ ಇವನೇ ಅವನು ಅಂತಾರೆ. ಥೈರಾಯ್ಡ್ ರಿಪೋರ್ಟು ಬಂದ ಹಾಗೆ! 2018ರ 'ಸೋಲೋ' ಚಿತ್ರ ಇನ್ನೂ ಒಂದು ಹೆಜ್ಜೆ ಮುಂದೆ ಹೋಯ್ತು. ಹ್ಯಾನ್ ಸೋಲೋಗೆ ಆ ಅಡ್ಡಹೆಸರು ಹೇಗೆ ಬಂತು ಗೊತ್ತಾ? ಸೈನ್ಯಕ್ಕೆ ಸೇರುವಾಗ ಅಲ್ಲಿನ ಅಧಿಕಾರಿ ನಿನ್ನವರು ಯಾರು ಅಂತ ಕೇಳ್ತಾನೆ, ಇವನು ಯಾರೂ ಇಲ್ಲ, ಒಬ್ಬನೇ ಅಂತಾನೆ. ಸರಿ, ಸೋಲೋ ಅಂತ ಬರೆದುಕೊಳ್ತಾನೆ. ಅಯ್ಯಾ, ನಲವತ್ತು ವರ್ಷದಲ್ಲಿ ಯಾರಾದ್ರೂ ಈ ಪ್ರಶ್ನೆ ಕೇಳಿದ್ರಾ? ನಮ್ಮ ಪಕ್ಕದ ಮನೆ ಹೊನ್ನಪ್ಪನಿಗೆ ಹೊನ್ನಪ್ಪ ಅನ್ನೋ ಹೆಸರು ಯಾಕೆ ಬಂತು ಅಂತ ಅವರ ಹೆಂಡತಿಯೂ ಕೇಳಿರಲಿಕ್ಕಿಲ್ಲ.

ಯಾಕೆ ಹೀಗೆ ಮಾಡ್ತಾರೆ? ಕತೆ ಬರೆಯೋದಕ್ಕಿಂತ ಇದು ಸುಲಭ, ಮತ್ತೆ ಇದನ್ನ ಮಾರಬಹುದು. ಒಂದು ಕತೆ ಒಮ್ಮೆ ಮಾತ್ರ ಮುಗಿಯುತ್ತೆ. ಒಂದು ಲೋಕವನ್ನ ಸೈಟು ಮಾಡಿ ಎಷ್ಟು ಸಲ ಬೇಕಾದ್ರೂ ಹಂಚಬಹುದು. ಮೂಲೆಯಲ್ಲಿ ನಿಂತಿದ್ದವನಿಗೆ ಒಂದು ಸೀರೀಸು, ಅವನ ಅಜ್ಜನಿಗೆ ಇನ್ನೊಂದು. ಬಡಾವಣೆ ಮಾಡೋರಿಗೆ ಮರ ಅಡ್ಡಿಯಾಗೋ ಹಾಗೆ ಇವರಿಗೆ ಮುಕ್ತಾಯ ಅಡ್ಡಿ. ಜಾರ್ಜ್ ಆರ್.ಆರ್. ಮಾರ್ಟಿನ್ ಅವರನ್ನೇ ನೋಡಿ. ದುಡ್ಡಿನ ಆಸೆಗೆ ಹೀಗೆ ಮಾಡಿದರು ಅಂತ ನಾನು ಹೇಳಲ್ಲ, ಅವರು ದೊಡ್ಡ ಕತೆಗಾರ. ಸರಣಿಯ ಐದನೇ ಕಾದಂಬರಿ ಬಂದದ್ದು 2011ರಲ್ಲಿ. ಆಮೇಲೆ 2014ರಲ್ಲಿ ಆ ಲೋಕದ ಚರಿತ್ರೆಯ ದಪ್ಪ ಪುಸ್ತಕ ಬಂತು, 2018ರಲ್ಲಿ ಅಲ್ಲಿನ ಒಂದು ರಾಜವಂಶದ ಚರಿತ್ರೆ ಬಂತು. ಆರನೇ ಕಾದಂಬರಿಗೆ ಓದುಗರು ಇನ್ನೂ ಕಾಯ್ತಿದ್ದಾರೆ. ಸತ್ತುಹೋದ ರಾಜರು ಮಾತು ಕೇಳ್ತಾರೆ, ಬರೆದ ಹಾಗೆ ಬರ್ತಾರೆ. ಬದುಕಿರೋ ಪಾತ್ರಗಳು ಹಟ ಮಾಡ್ತಾವೆ.

ಇದು ನನಗೆ ಹೇಗೆ ಗೊತ್ತು ಅಂತೀರಾ? ನನ್ನ ಅಟ್ಟದ ಮೇಲೆ ಇನ್ನೂರು ಪುಟದ ಐದು ನೋಟುಬುಕ್ಕಿವೆ.

ಒಂಬತ್ತು ವರ್ಷ ನಾನೊಂದು ಕಾದಂಬರಿ "ಬರೀತಿದ್ದೆ". ಕಾಲ್ಪನಿಕ ರಾಜ್ಯ, ಘಟ್ಟದ ಮೇಲೆ, ನಮ್ಮ ಮಲೆನಾಡಿನ ಹಾಗೇ. ಅದರ ನಕ್ಷೆ ಇದೆ, ಮೂರು ಬಣ್ಣದಲ್ಲಿ. ಅದಕ್ಕೆ ಬೇರೇ ಪಂಚಾಂಗ ಇದೆ, ಹದಿಮೂರು ತಿಂಗಳು. ನಾಣ್ಯಗಳ ಹೆಸರು, ಅಡಿಕೆಯ ತೂಕದ ಲೆಕ್ಕ, ಏಳು ತಲೆಮಾರಿನ ರಾಜರು, ಅವರಲ್ಲಿ ನಾಲ್ಕನೆಯವನು ಯಾಕೆ ಕುಂಟ. ಆಫೀಸಿಂದ ಬಂದು ರಾತ್ರಿ ಹನ್ನೊಂದರವರೆಗೆ ಕೂತು ಬರೀತಿದ್ದೆ. ಹೆಂಡತಿ ಮಕ್ಕಳನ್ನ ಮಲಗಿಸಿ, ಹಾಲಿಗೆ ಹೆಪ್ಪು ಹಾಕಿ, "ಎಷ್ಟು ಪುಟ ಆಯ್ತು?" ಅಂತ ಕೇಳಿದ್ರೆ ಹೆಮ್ಮೆಯಿಂದ ನೋಟುಬುಕ್ಕಿನ ಪುಟ ಹೇಳ್ತಿದ್ದೆ. ಕಾದಂಬರಿಯ ಪುಟ ಹೇಳ್ತಿರಲಿಲ್ಲ. ಕಾದಂಬರಿ ಹನ್ನೊಂದನೇ ಪುಟದಲ್ಲಿ ನಿಂತಿತ್ತು. ಅಲ್ಲಿ ಒಬ್ಬಳು ಹುಡುಗಿ ಮನೆ ಬಿಟ್ಟು ಹೋಗಬೇಕು. ಯಾಕೆ ಹೋಗ್ತಾಳೆ ಅಂತ ನನಗೆ ಹೊಳೀತಿರಲಿಲ್ಲ. ಹೊಳೀದಿದ್ದಾಗೆಲ್ಲಾ ನಾನು ಏನು ಮಾಡ್ತಿದ್ದೆ? ಇನ್ನೊಬ್ಬ ರಾಜನನ್ನ ಹುಟ್ಟಿಸ್ತಿದ್ದೆ.

ಶಿವಮೊಗ್ಗದ ಹಳೇ ಗೆಳೆಯನೊಬ್ಬ ಇದ್ದಾನೆ, ಓದೋದು ಬಿಟ್ಟು ಬೇರೆ ಚಟ ಇಲ್ಲದವನು. ಅವನಿಗೆ ಐದೂ ನೋಟುಬುಕ್ಕು ಕೊಟ್ಟೆ. ಹದಿನೈದು ದಿನ ಬಿಟ್ಟು ಬಂದ. ಕಾಫಿ ಕುಡಿದ. ನಕ್ಷೆ ಚೆನ್ನಾಗಿದೆ ಅಂದ. ಆಮೇಲೆ ಮೆಲ್ಲಗೆ ಕೇಳಿದ: "ಅಲ್ಲ ಮಾರಾಯ, ಇದರಲ್ಲಿ ಯಾರಿಗಾದ್ರೂ ಏನಾದ್ರೂ ಬೇಕಾ?"

ಒಂಬತ್ತು ವರ್ಷ! ಏಳು ರಾಜರು, ಹದಿಮೂರು ತಿಂಗಳು, ಆದ್ರೆ ಯಾರಿಗೂ ಏನೂ ಬೇಡ. ಆವತ್ತು ನನಗೆ ಸಿಟ್ಟು ಬಂತು. ಅವನು ಬಸ್ಸು ಹತ್ತಿದ ಮೇಲೆ ನಾಚಿಕೆ ಆಯ್ತು. ಹಿನ್ನೆಲೆ ಬರೆಯುವಾಗ ಯಾರೂ ಸೋಲಲ್ಲ ಕಣ್ರೀ. ನಾಲ್ಕನೇ ರಾಜ ಕುಂಟ ಅಂತ ಬರೆದ್ರೆ ಕುಂಟ, ಅದು ಸರಿಯಾಗಿ ಬಂತೋ ಇಲ್ವೋ ಅನ್ನೋ ಪ್ರಶ್ನೆಯೇ ಇಲ್ಲ. ಒಂದು ದೃಶ್ಯ ಬರೀರಿ ನೋಡೋಣ. ಅಪ್ಪ ಮಗಳು ಎದುರುಬದುರು ಕೂತು ಮಾತಾಡ್ಬೇಕು. ಎರಡನೇ ಮಾತಿಗೇ ಗೊತ್ತಾಗಿಬಿಡುತ್ತೆ, ನಿಮಗೆ ಮನುಷ್ಯರು ಎಷ್ಟು ಗೊತ್ತು ಅಂತ. ಆ ಪರೀಕ್ಷೆಗೆ ಕೂರೋ ಧೈರ್ಯ ಇಲ್ಲದೇ ನಾನು ಒಂಬತ್ತು ವರ್ಷ ಹಾಲ್ ಟಿಕೆಟ್‌ಗೆ ಲ್ಯಾಮಿನೇಷನ್ ಮಾಡಿಸ್ತಿದ್ದೆ.

"ಹಾಗಾದ್ರೆ ಟೋಲ್ಕಿನ್?" ಅಂತ ಯಾರಾದ್ರೂ ಎದ್ದೇ ಏಳ್ತಾರೆ. ಏಳಲಿ. ಆತ ಭಾಷೆಗಳನ್ನೇ ಕಟ್ಟಿದ ಮನುಷ್ಯ, ಯುಗಗಳ ಚರಿತ್ರೆ ಬರೆದಿಟ್ಟವನು. ಆದ್ರೆ 1954-55ರಲ್ಲಿ 'ದ ಲಾರ್ಡ್ ಆಫ್ ದ ರಿಂಗ್ಸ್' ಬಂದಾಗ ವಂಶಾವಳಿ, ಕಾಲಗಣನೆ, ಲಿಪಿ ಎಲ್ಲವನ್ನೂ ಮೂರನೇ ಸಂಪುಟದ ಕೊನೆಗೆ ಅನುಬಂಧದಲ್ಲಿಟ್ಟರು. ಆ ಹಳೇ ಯುಗಗಳ ಪುರಾಣ 'ದ ಸಿಲ್ಮರಿಲಿಯನ್' ಪುಸ್ತಕವಾಗಿ ಬಂದದ್ದು ಅವರು ತೀರಿಕೊಂಡು ನಾಲ್ಕು ವರ್ಷಕ್ಕೆ, 1977ರಲ್ಲಿ, ಮಗ ಕ್ರಿಸ್ಟೋಫರ್ ಸಂಪಾದಿಸಿ. ಕತೆಯ ತುದಿಯಲ್ಲಿ ಏನಾಗುತ್ತೆ? ಉಂಗುರವನ್ನ ಬೆಂಕಿಗೆ ಎಸೀಬೇಕಾದ ಫ್ರೋಡೋ ಆ ಅಂಚಿನಲ್ಲಿ ನಿಂತು ಸೋತುಬಿಡ್ತಾನೆ, ಇದು ನನ್ನದು ಅಂದುಬಿಡ್ತಾನೆ. ಹಿಂದೆ ಯಾವತ್ತೋ ಅಯ್ಯೋ ಪಾಪ ಅಂತ ಕೊಲ್ಲದೇ ಬಿಟ್ಟ ಗೊಲಮ್ ಇಲ್ಲದಿದ್ರೆ ಆ ಕೆಲಸ ಆಗ್ತಾನೇ ಇರಲಿಲ್ಲ. ಇದು ಅರ್ಥ ಆಗೋಕೆ ಎಲ್ಫ್‌ಗಳ ಒಂದಕ್ಷರ ವ್ಯಾಕರಣವೂ ಬೇಡ. ಟೋಲ್ಕಿನ್ ಅನುಕರಣೆ ಮಾಡೋರೆಲ್ಲಾ ಅನುಬಂಧವನ್ನ ಅನುಕರಿಸಿದರು, ಆ ಅಯ್ಯೋ ಪಾಪವನ್ನ ಬಿಟ್ಟರು.

ಟೋಲ್ಕಿನ್ ಯಾಕೆ, ನಮ್ಮ ರನ್ನನ್ನ ನೋಡಿ. ಮಹಾಭಾರತಕ್ಕಿಂತ ದೊಡ್ಡ ಸ್ಥಳಪುರಾಣ ಯಾವ ದೇಶದಲ್ಲಿದೆ? ಹತ್ತನೇ ಶತಮಾನದ ಕೊನೆಗೆ ಈ ಮನುಷ್ಯ ಅಷ್ಟನ್ನೂ ಕೈಯಲ್ಲಿಟ್ಟುಕೊಂಡು 'ಗದಾಯುದ್ಧ' ಬರೆಯೋಕೆ ಕೂತ. ಆರಿಸಿಕೊಂಡಿದ್ದು ಯುದ್ಧದ ಕಟ್ಟಕಡೆಯ ಭಾಗವನ್ನ. ಹಿಂದಿನದ್ದೆಲ್ಲಾ ಸಿಂಹಾವಲೋಕನ ಕ್ರಮದಲ್ಲಿ, ಸಿಂಹ ನಡೀತಾ ನಡೀತಾ ಹಿಂದಿರುಗಿ ನೋಡೋ ಹಾಗೆ. ದುರ್ಯೋಧನ ಸಂಜಯನ ಜೊತೆ ರಣರಂಗದಲ್ಲಿ ನಡ್ಕೊಂಡು ಹೋಗ್ತಾನೆ, ಕಾಲಿಗೆ ಹೆಣಗಳು ಸಿಗ್ತಾವೆ. ದ್ರೋಣ, ಅಭಿಮನ್ಯು, ಸ್ವಂತ ಮಗ ಲಕ್ಷಣಕುಮಾರ, ದುಶ್ಶಾಸನ, ಕರ್ಣ. ಒಂದೊಂದು ಹೆಣವೂ ಒಂದೊಂದು ಪರ್ವ! ಆದ್ರೆ ಅಲ್ಲಿ ಮಾಹಿತಿ ಅನ್ನೋದು ಇಲ್ಲವೇ ಇಲ್ಲ. ಶತ್ರುವಿನ ಮಗ ಅಭಿಮನ್ಯುವಿನ ಎದುರು ನಿಂತು ನನಗೂ ಇಂಥ ಸಾವು ಬರಲಿ ಅಂತ ಕೈಮುಗೀತಾನಲ್ಲ ಆ ಛಲದಂಕಮಲ್ಲ, ಆಗ ಹದಿನೇಳು ದಿನಗಳ ಯುದ್ಧ ಒಬ್ಬ ಮನುಷ್ಯನ ಗಂಟಲಿನೊಳಗೆ ಬಂದು ಕೂರುತ್ತೆ. ಹಿನ್ನೆಲೆ ಅಂದ್ರೆ ಹೀಗಿರಬೇಕು, ಕಾಲಿಗೆ ತೊಡರಬೇಕು.

ತಾಳಮದ್ದಳೆ ಕೇಳೋರಿಗೆ ಇದನ್ನ ಹೇಳಿಕೊಡಬೇಕಾಗಿಲ್ಲ. ಅಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಕತೆಯಂತೂ ಮುಂದಿನ ಸಾಲಿನ ಅಜ್ಜಂದಿರಿಂದ ಹಿಡಿದು ಹಿಂದೆ ನಿಂತ ಹುಡುಗರವರೆಗೆ ಎಲ್ಲರಿಗೂ ಗೊತ್ತು. ವಾಲಿ ಸಾಯ್ತಾನೆ, ರಾಮ ಮರೆಯಲ್ಲಿ ನಿಂತು ಹೊಡೀತಾನೆ. ಆದ್ರೂ ಬೆಳಗಿನ ಜಾವದವರೆಗೆ ಯಾಕೆ ಕೂರ್ತಾರೆ? ಈ ವಾಲಿ ಇವತ್ತು ರಾಮನನ್ನ ಏನು ಕೇಳ್ತಾನೆ, ಈ ರಾಮ ಹೇಗೆ ತಪ್ಪಿಸಿಕೊಳ್ತಾನೆ ಅಂತ ನೋಡೋಕೆ. ಅರ್ಥಧಾರಿಯ ಪುರಾಣಜ್ಞಾನವೆಲ್ಲಾ ಆ ವಾದಕ್ಕೆ ಈಟಿಯಾಗಿ ಬರಬೇಕು. ವಾದ ಬಿಟ್ಟು ನನಗೆಷ್ಟು ಗೊತ್ತು ಅಂತ ಪಟ್ಟಿ ಒಪ್ಪಿಸೋಕೆ ಶುರುಮಾಡಿದ ಕೂಡ್ಲೇ ಜನ ಚಾ ಕುಡಿಯೋಕೆ ಏಳ್ತಾರೆ. ಆ ಪ್ರೇಕ್ಷಕರ ಕಿವಿ ನಮಗೆ ಬೇಕು. ನಾವು ಪಟ್ಟಿಗೇ ಶಿಳ್ಳೆ ಹೊಡೀತಿದ್ದೀವಿ.

ಅಭಿಮಾನಿಗಳ ಸಂತೋಷ ಕಿತ್ತುಕೊಳ್ಳೋದು ನನ್ನ ಉದ್ದೇಶ ಅಲ್ಲ. ಒಂದು ಲೋಕ ಇಷ್ಟವಾದ್ರೆ ಅದರ ಮೂಲೆಮೂಲೆ ಹುಡುಕೋದು ಪ್ರೀತಿಯ ಲಕ್ಷಣವೇ. ಸ್ಥಳಪುರಾಣದಿಂದ ಒಳ್ಳೇ ಕತೆ ಹುಟ್ಟೋದೂ ಉಂಟು. ಮೊದಲ ಸ್ಟಾರ್ ವಾರ್ಸ್‌ನ ಶುರುವಿನಲ್ಲಿ ತೇಲಿ ಹೋಗೋ ಬರಹದಲ್ಲಿ, ಶತ್ರುವಿನ ಆಯುಧದ ನಕ್ಷೆ ಕದ್ದರು ಅಂತ ಒಂದು ಸಂಗತಿ ಬರುತ್ತೆ. 2016ರಲ್ಲಿ ಅದನ್ನೇ ಹಿಡಿದು 'ರೋಗ್ ಒನ್' ಮಾಡಿದರು. ಅದು ಯಾಕೆ ನಾಟಿತು ಅಂದ್ರೆ, ಕದ್ದವರಿಗೆ ಹೆಸರು, ಭಯ, ಹಟ ಕೊಟ್ಟರು, ಆಮೇಲೆ ಅವರಲ್ಲಿ ಒಬ್ಬರನ್ನೂ ಉಳಿಸಲಿಲ್ಲ. ಇನ್ನೊಂದು ಭಾಗಕ್ಕೆ ಅವರನ್ನ ಕಾಪಿಟ್ಟುಕೊಳ್ಳಲಿಲ್ಲ. ನಾನು ಕೇಳ್ತಿರೋದು ಇಷ್ಟೇ. ಖರ್ಚು ಮಾಡ್ರಪ್ಪಾ. ಎಲ್ಲವನ್ನೂ ಮುಂದಿನ ಭಾಗಕ್ಕೆ ಅಂತ ಬೀರುವಿನಲ್ಲಿಟ್ಟು ಬೀಗ ಹಾಕಬೇಡಿ.

ಅಕ್ಕನ ಮಗನ ವಿಷಯ ಪೂರ್ತಿ ಹೇಳಲಿಲ್ಲ. ಆವತ್ತು ರಾತ್ರಿ ಅವನ ತಂಗಿಗೆ, ಆರು ವರ್ಷದವಳು, ನಮ್ಮಮ್ಮ ಗೋವಿನ ಹಾಡು ಹೇಳ್ತಿದ್ದರು. ಯೋಚನೆ ಮಾಡಿ, ಅದರಲ್ಲಿ ಸ್ಥಳಪುರಾಣ ಎಷ್ಟಿದೆ? ಗೊಲ್ಲನಿಗೊಂದು ಹೆಸರು, ಹುಲಿಗೊಂದು ಹೆಸರು, ಒಂದು ಬೆಟ್ಟ. ಹಸು ಹೇಗೆ ಮಾತಾಡುತ್ತೆ ಅಂತ ಇಲ್ಲ, ಹುಲಿಯ ಅಪ್ಪ ಯಾರು ಅಂತ ಇಲ್ಲ. ಇವತ್ತಿನ ಕಾಲವಾಗಿದ್ರೆ 'ಅರ್ಭುತ: ಅಧ್ಯಾಯ ಒಂದು' ಅಂತ ಹುಲಿಯ ಬಾಲ್ಯ ಮೊದಲು ಬರ್ತಿತ್ತು, ಅದು ಯಾಕೆ ಹಸಿದಿತ್ತು ಅಂತ ಮೂರು ಗಂಟೆ. ಅಮ್ಮ ಅವೆಲ್ಲಾ ಇಲ್ಲದೇ, ಕೊಟ್ಟ ಮಾತಿಗಾಗಿ ಹಸು ಕರುವನ್ನ ಬಿಟ್ಟು ವಾಪಸ್ ಹೊರಡೋ ಜಾಗಕ್ಕೆ ಬಂದರು. ಪುಟ್ಟಿ ಎದ್ದು ಕೂತಳು. "ಅಜ್ಜಿ, ಕರು ಆಮೇಲೆ ಯಾರ ಹತ್ರ ಮಲಗ್ಬೇಕು?"

ಮಂಚದ ಆ ಕಡೆ ನಮ್ಮ ಜೆಡಾಯ್ ಪಂಡಿತ ಫೋನು ಮಗುಚಿ ಹಾಕಿ, ಕಿವಿಯಿಂದ ವೈರು ತೆಗೆದು, ಕತ್ತಲಲ್ಲಿ ಸುಮ್ಮನೆ ಕೇಳ್ತಿದ್ದ. ನಾನು ಏನೂ ಹೇಳಲಿಲ್ಲ.

ಊರಿಗೆ ಹೊರಡೋ ದಿನ ಅವನೇ ಕೇಳಿದ, "ಮಾವ, ನಿಮ್ಮ ಕಾದಂಬರಿ ಏನಾಯ್ತು?" ನೋಟುಬುಕ್ಕು ಅಟ್ಟದ ಮೇಲಿದೆ ಅಂದೆ. ಹನ್ನೊಂದನೇ ಪುಟವನ್ನ ಮತ್ತೆ ಶುರು ಮಾಡಿದೀನಿ ಅಂತಲೂ ಹೇಳಿದೆ. ಹುಡುಗಿ ಅಪ್ಪನ ಪೆಟ್ಟಿಗೆಯಿಂದ ಹಣ ಕದ್ದಿದ್ದಾಳೆ, ಅಮ್ಮನ ಔಷಧಿಗೆ. ಅಪ್ಪನಿಗೆ ಗೊತ್ತಾಗಿದೆ. ಅವಳಿಗೆ ಗೊತ್ತಾಗಿದೆ ಅಂತ ಅವನಿಗಿನ್ನೂ ಗೊತ್ತಿಲ್ಲ. ಇಬ್ಬರೂ ಊಟಕ್ಕೆ ಕೂತಿದ್ದಾರೆ.

"ಅಲ್ಲಿ ರಾಜ ಯಾರು?" ಅಂದ.

ಯಾರೋ ಇದ್ದಾನೆ ಬಿಡೋ, ಅಂದೆ.